ದೊಡ್ಡ ಕರುಳು ತಲುಪುವವರೆಗೆ ಕರಗಬಾರದ ಮಾತ್ರೆ

ಮೈಸೂರಿನ ಪ್ರಯೋಗಾಲಯವೊಂದರಲ್ಲಿ ಮಾತ್ರೆ ರೂಪಿಸುವ ನನಗೆ, ದೊಡ್ಡ ಕರುಳಿನ ಉರಿಯೂತದ ವಿಷಯದಲ್ಲಿ ಔಷಧಕ್ಕಿಂತ ಅದರ ಹೊದಿಕೆಯೇ ಹೆಚ್ಚು ತಲೆನೋವು. ಪಿಎಚ್ (ಆಮ್ಲೀಯತೆಯ ಅಳತೆ; ಅದು ಏರಿದಷ್ಟೂ ಆಮ್ಲ ಕಡಿಮೆ) 7 ದಾಟಿದ ಮೇಲಷ್ಟೇ ಕರಗುವ ಯೂಡ್ರಾಜಿಟ್ ಎಸ್ ಎಂಬ ಪಾಲಿಮರ್ ಲೇಪನವು ಜಠರದ ಆಮ್ಲವನ್ನು ತಡೆದುಕೊಂಡು ಸಣ್ಣ ಕರುಳಿನ ಕೊನೆಯವರೆಗೆ ಸಾಗುತ್ತದೆ, ನಿಜ. ಆದರೆ ಕೆಲವು ರೋಗಿಗಳ ಕರುಳಿನಲ್ಲಿ ಪಿಎಚ್ ಅಷ್ಟು ಏರದೆ, ಮಾತ್ರೆ ಇಡಿಯಾಗಿಯೇ ಮಲದೊಂದಿಗೆ ಹೊರಬೀಳುವುದುಂಟು. ಆದ್ದರಿಂದ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳನ್ನೇ ನೆಚ್ಚಿಕೊಳ್ಳುವುದು ಮೇಲೆಂಬುದು ನನ್ನ ಅಭಿಪ್ರಾಯ. ಈ ಉರಿಯೂತಕ್ಕೆ ಕೊಡುವ ಸಲ್ಫಾಸಲಜೀನ್ ಔಷಧದ ಎರಡು ಭಾಗಗಳನ್ನು ಬೆಸೆದಿರುವ ಅಜೋ ಬಂಧವನ್ನು ಅವು ತುಂಡರಿಸಿದಾಗಲೇ ಉರಿಯೂತ ಇಳಿಸುವ ಮೆಸಲಮೀನ್ ಬಿಡುಗಡೆಯಾಗುತ್ತದೆ (ಜೊತೆಗೇ ಹೊರಬರುವ ಸಲ್ಫಾಪಿರಿಡೀನ್‌ನ ಅಡ್ಡಪರಿಣಾಮಗಳ ಕಾಟ ಬೇರೆ). ದೇವರಾಜ ಮಾರುಕಟ್ಟೆಯಲ್ಲಿ ನಾವು ಎಳೆಯದನ್ನು ಆರಿಸಿಕೊಳ್ಳುವ ಗೋರಿಕಾಯಿ ಬಲಿತರೆ, ಅದರ ಬೀಜದಿಂದ ಸಿಗುವ ಗ್ವಾರ್ ಗಮ್ ಎಂಬ ಅಂಟು ಕೂಡ ಈ ಬ್ಯಾಕ್ಟೀರಿಯಾಗಳಿಗೆ ಆಹಾರವೇ; ಹಾಗಾಗಿ ಅದನ್ನೂ ಮಾತ್ರೆಗೆ ಹೊದಿಸಬಹುದು. ಒದ್ದೆಯಾದೊಡನೆ ಉಬ್ಬಿ ಲೋಳೆಯಾಗುವ ಅದರ ಪದರ ತೆಳುವಾದರೆ ಔಷಧ ದಾರಿಯಲ್ಲೇ ಸೋರುತ್ತದೆ, ದಪ್ಪವಾದರೆ ಬಿಡುಗಡೆಯೇ ತಡವಾಗುತ್ತದೆ.