ನಿಮ್ಮ ಗೆರಿ ಯಾವ್ದು?

"ಇದ್ರಾಗ ನಿಮ್ ಗೆರಿ ಯಾವ್ದು ಮೇಡಂ?"

ಸೋಮವಾರ ಕಟಿಂಗ್ ಮಾಸ್ಟರ್ ಕೇಳಿದ್ದು. ಇವತ್ತು ಶುಕ್ರವಾರ, ಇನ್ನೂ ಕಿವಿಯಲ್ಲೇ ಇದೆ.

ಬಳ್ಳಾರಿಯ ಕೌಲ್ ಬಜಾರ್ ಕಡೆ ಒಂದು ಜೀನ್ಸ್ ಯೂನಿಟ್‌ನಲ್ಲಿ ನನ್ನ ಕೆಲಸ. ಪ್ಯಾಂಟಿನ ಹಿಂದಿನ ಜೇಬಿಗೆ ಹೊಲಿಗೆ ಡಿಸೈನ್ ಬರೆಯೋದು. ನಾನು ಮೊದಲಿಂದಲೂ ಪೆನ್ಸಿಲ್ ಪಕ್ಷ. ಒಂದು ಗೆರೆ ಎಳೀತೀನಿ, ಪಕ್ಕಕ್ಕೆ ಇನ್ನೊಂದು, ಅದರ ಮೇಲೆ ಮತ್ತೊಂದು. ಯಾವುದೋ ಒಂದು ಸರಿಹೋಗುತ್ತೆ. ಅಂಥ ಹಾಳೆಯ ಫೋಟೋವನ್ನೇ ವಾಟ್ಸಾಪ್‌ನಲ್ಲಿ ಕಳಿಸಿದ್ದೆ. ಸ್ಯಾಂಪಲ್ ಹುಡುಗ ಪಾಪ, ನಾನು ಅಳಿಸದೆ ಬಿಟ್ಟ ಗೆರೆಯನ್ನೂ ಸೇರಿಸಿ ಎರಡು ಸಾಲು ಹೊಲಿದಿದ್ದ. ಒಂದು ಸಾಲು ಎತ್ತಲೋ ಹೋಗಿ ಜೇಬಿನ ಮೂಲೆಯಲ್ಲಿ ಮುಗಿದಿತ್ತು.

ಮಾಸ್ಟರ್ ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. ಹಾಳೆಯನ್ನು ಕಿಟಕಿ ಬೆಳಕಿಗೆ ಹಿಡಿದು, ಕನ್ನಡಕ ಮೇಲೇರಿಸಿ, ಅದೊಂದೇ ಪ್ರಶ್ನೆ ಕೇಳಿದರು.

ನನ್ನದು 2ಬಿ, ಅಂದರೆ ಮೆತ್ತನೆ ಪೆನ್ಸಿಲ್. ಒಳಗಿರೋದು ಸೀಸ ಅಲ್ಲ, ಗ್ರಾಫೈಟ್ ಮತ್ತು ಜೇಡಿಮಣ್ಣು. 1795ರಲ್ಲಿ ಫ್ರಾನ್ಸಿನ ಕಾಂಟೆ ಈ ಮಿಶ್ರಣಕ್ಕೆ ಪೇಟೆಂಟ್ ಪಡೆದ. ಮಣ್ಣು ಜಾಸ್ತಿಯಾದರೆ ಗಟ್ಟಿ, ಗ್ರಾಫೈಟ್ ಜಾಸ್ತಿಯಾದರೆ ಕಪ್ಪು, ಮೆತ್ತಗೆ. ಬಳ್ಳಾರಿ ಬಿಸಿಲಲ್ಲಿ ಬೆವರಿದ ಅಂಗೈ ತಾಗಿದರೆ ಸಾಕು, 2ಬಿ ಗೆರೆ ಹೊಗೆಯಾಗುತ್ತೆ. ಆದರೂ ಬಿಡೋಕೆ ಮನಸಿಲ್ಲ. ಮೆಲ್ಲಗೆ ಎಳೆದರೆ ಗೆರೆ ಬೂದು, ಒತ್ತಿದರೆ ಕಪ್ಪು. ನನ್ನ ಬಾಲ್ ಪೆನ್ನಿಗೆ ಈ ನಾಜೂಕು ಬರಲ್ಲ. ನಮ್ಮ ಯೂನಿಟ್‌ನ ಇನ್ನೊಬ್ಬ ಡಿಸೈನರ್ ಪೆನ್ನಲ್ಲೇ ಬರೀತಾನೆ. ಅಳಿಸೋ ದಾರಿ ಇಲ್ಲದಿದ್ದರೆ ಕೈ ತಾನಾಗೇ ಯೋಚಿಸುತ್ತಂತೆ. ಅವನ ಗೆರೆ ಚೊಕ್ಕ, ಆದರೆ ಆರು ತಿಂಗಳಿಂದ ಅದೇ ಗೆರೆ! (ಇದು ಅಸೂಯೆ ಅಂತ ನನಗೂ ಗೊತ್ತು.)

ಎರಡನೇ ಮಹಾಯುದ್ಧದಲ್ಲಿ ದಾರಕ್ಕೆ ರೇಷನ್ ಬಂದಾಗ ಅಮೆರಿಕದ ಜೀನ್ಸ್ ಕಂಪನಿ ಲೀವೈಸ್‌ನವರು ತಮ್ಮ ಜೇಬಿನ ಬಿಲ್ಲಿನಂಥ ಹೊಲಿಗೆಯನ್ನು ಬಣ್ಣದಲ್ಲಿ ಬಳಿದು ಮಾರಿದ್ದರು. ದಾರ ಇಲ್ಲದಿದ್ದರೂ ಗೆರೆ ಅವರದ್ದೇ. ನನ್ನದು ಯಾವುದು?

ಬ್ಯಾಂಕಿನ ಫಾರಂ ಕೂಡ ನಾನು ಮೊದಲು ಪೆನ್ಸಿಲಲ್ಲೇ ತುಂಬೋದು. ಅಕ್ಕನಿಗೆ ಕಳಿಸಬೇಕಾದ ಒಂದು ಮೆಸೇಜನ್ನು ಎರಡು ವರ್ಷದಿಂದ ತಿದ್ದುತ್ತಾ ಇದ್ದೀನಿ. ಅವ್ವ ಮಾತ್ರ ಹೊಸ್ತಿಲ ಮುಂದೆ ರಂಗೋಲಿ ತಪ್ಪಿದರೆ ಕಾಲ ಹೆಬ್ಬೆರಳಲ್ಲಿ ಒರೆಸಿ ಮುಂದಕ್ಕೆ ಹೋಗ್ತಾಳೆ. ಅಷ್ಟೇ ಯಾಕೆ, ಮಾಸ್ಟರ್ ಕೂಡ ಬಟ್ಟೆ ಮೇಲಿನ ಚಾಕ್ ಗೆರೆಯನ್ನು ದಿನಕ್ಕೆ ಹತ್ತು ಸಲ ಅಂಗೈಯಿಂದ ಉಜ್ಜಿ ಅಳಿಸ್ತಾರೆ. ಆದರೆ ಕತ್ತರಿ ಹುಡುಗನ ಕೈಗೆ ಕೊಡುವಾಗ ಅಲ್ಲಿ ಒಂದೇ ಗೆರೆ ಇರುತ್ತೆ.

ನಿನ್ನೆ ಪೆನ್ಸಿಲಲ್ಲೇ ಗೀಚಿದೆ. ಆಮೇಲೆ ಒಂದನ್ನು ಆರಿಸಿ, ಉಸಿರು ಬಿಗಿಹಿಡಿದು, ಅದರ ಮೇಲೆ ನೀಲಿ ಬಾಲ್ ಪೆನ್ ಓಡಿಸಿದೆ. ಮಾಸ್ಟರ್ ಹಾಳೆಯನ್ನು ಬೆಳಕಿಗೆ ಹಿಡಿಯಲೇ ಇಲ್ಲ.

"ದಾರ ಯಾವ ಕಲರ್ ಮೇಡಂ?" ಅಂದರು.

ಅದನ್ನು ನಾನು ಯೋಚಿಸಿಯೇ ಇರಲಿಲ್ಲ.