ಒಳಗೆ ಹೋಗಲು ಮೂರನೇ ಎರಡು, ಹೊರಗೆ ಬರಲು ಒಂದು ಸಹಿ

22 ಜನವರಿ 2025, ಬುಧವಾರ

ರಾತ್ರಿ ಊಟದ ಹೊತ್ತಿಗೆ ಚಿಕ್ಕಪ್ಪನ ಫೋನು. "ಅಲ್ಲ ಕಣೋ, ಈ ಟ್ರಂಪ್ ಪ್ರಮಾಣವಚನ ತಗೊಂಡ ದಿನವೇ ವಿಶ್ವ ಆರೋಗ್ಯ ಸಂಸ್ಥೆ ಬಿಡ್ತೀನಿ ಅಂತ ಸಹಿ ಹಾಕ್ಬಿಟ್ಟನಲ್ಲ. ಅವರ ಪಾರ್ಲಿಮೆಂಟು ಏನ್ ಮಾಡ್ತಿದೆ?"

"ನಾಳೆನೇ ಬಿಟ್ಟ ಹಾಗಲ್ಲ ಚಿಕ್ಕಪ್ಪ. 1948ರಲ್ಲಿ ಸೇರುವಾಗ ಅವರ ಕಾಂಗ್ರೆಸ್ಸೇ, ಅಂದರೆ ಅಲ್ಲಿನ ಸಂಸತ್ತೇ, ಷರತ್ತು ಬರೆದಿಟ್ಟಿದೆ: ಬಿಡೋದಾದ್ರೆ ಒಂದು ವರ್ಷ ಮುಂಚೆ ನೋಟಿಸ್ ಕೊಡಬೇಕು, ಆ ಆರ್ಥಿಕ ವರ್ಷದ ಬಾಕಿ ಕಟ್ಟಬೇಕು. 2020ರಲ್ಲೂ ನೋಟಿಸ್ ಕೊಟ್ಟಿದ್ರು. ವರ್ಷ ತುಂಬೋದ್ರೊಳಗೆ ಬೈಡನ್ ಬಂದು ವಾಪಸ್ ತಗೊಂಡ್ರು."

"ಅದಿರಲಿ. ಸೇರಿಸಿದ್ದು ಕಾಂಗ್ರೆಸ್ಸು, ಬಿಡಿಸೋದು ಇವನೊಬ್ಬನಾ?"

ನೇರವಾಗಿ ಉತ್ತರ ಕೊಡೋಕೆ ಆಗದ ಪ್ರಶ್ನೆ. ಚಿಕ್ಕಪ್ಪ ಆಮೇಲೆ ಮಾವಿನ ಹೂವಿನ ಕಡೆ ಹೊರಳಿದರು, ನನ್ನ ತಲೆ ಅಲ್ಲೇ ನಿಂತಿತು.

ಹೊರಗಿನ ಸಂಸ್ಥೆಗಳು ನಮಗೆ ಹೇಳೋದು ಬೇಡ ಅನ್ನೋ ಈ ಸಾರ್ವಭೌಮತ್ವದ ಮಾತೆಲ್ಲ ನಮ್ಮ ಟಿವಿಯವರು ಟ್ರಂಪ್ ಹುಟ್ಟುಹಾಕಿದ್ದು ಅನ್ನೋ ಹಾಗೆ ಹೇಳ್ತಾರೆ. ಅಮೆರಿಕದ ಬಲಪಂಥೀಯರಿಗೆ ಇದು ನೂರು ವರ್ಷದ ಹಳೇ ವ್ಯಾಜ್ಯ, ಅದಕ್ಕೊಂದು ಗಟ್ಟಿ ಕಾನೂನಿನ ಬುಡವೂ ಇದೆ. 1920ರ ಮಿಸೌರಿ ವಿರುದ್ಧ ಹಾಲೆಂಡ್ ಮೊಕದ್ದಮೆ. ವಲಸೆ ಹಕ್ಕಿಗಳ ಬೇಟೆಗೆ ಕಡಿವಾಣ ಹಾಕುವ ಕೇಂದ್ರದ ಕಾಯ್ದೆ ಕೆಳ ಕೋರ್ಟುಗಳಲ್ಲಿ ಬಿದ್ದುಹೋಗಿತ್ತು, ಅದು ರಾಜ್ಯಗಳ ವಿಷಯ ಅಂತ. ಸರ್ಕಾರ 1916ರಲ್ಲಿ ಕೆನಡಾದ ಪರವಾಗಿದ್ದ ಬ್ರಿಟನ್ ಜತೆ ಒಪ್ಪಂದ ಮಾಡಿಕೊಂಡು, ಆ ಒಪ್ಪಂದ ಜಾರಿಗೊಳಿಸುವ ಹೆಸರಲ್ಲಿ ಮತ್ತೆ ಕಾಯ್ದೆ ತಂದಿತು. ಸುಪ್ರೀಂ ಕೋರ್ಟು 7-2ರಲ್ಲಿ ಎತ್ತಿಹಿಡಿಯಿತು. ಅಂದರೆ ಸಂವಿಧಾನ ಕೊಡದ ಅಧಿಕಾರವನ್ನು ವಿದೇಶದ ಜತೆ ಸಹಿ ಮಾಡಿ ಪಡೆಯಬಹುದು! ಭಯ ಹುಟ್ಟಿದ್ದು ಅಲ್ಲಿಂದ. ಓಹಾಯೋದ ಸೆನೆಟರ್ (ಅಲ್ಲಿನ ಮೇಲ್ಮನೆ ಸೆನೆಟ್‌ನ ಸದಸ್ಯ) ಜಾನ್ ಬ್ರಿಕರ್ ಆ ದಾರಿ ಮುಚ್ಚಲು ಸಂವಿಧಾನಕ್ಕೇ ತಿದ್ದುಪಡಿ ತರಹೊರಟರು. ಅವರದೇ ಪಕ್ಷದ ಐಸೆನ್‌ಹೋವರ್, ಆಗಿನ ಅಮೆರಿಕದ ಅಧ್ಯಕ್ಷರು, ಅಡ್ಡ ನಿಂತರು. 1954ರ ಫೆಬ್ರವರಿ 26ರಂದು ಅದರ ಸೌಮ್ಯ ರೂಪಕ್ಕೆ ಸೆನೆಟ್‌ನಲ್ಲಿ ಬಿದ್ದದ್ದು 60-31. ಮೂರನೇ ಎರಡಕ್ಕೆ ಬೇಕಿದ್ದದ್ದು 61.

ಒಂದೇ ಮತ. ಆದರೆ ನನಗೆ ಇದಕ್ಕಿಂತ ಕುತೂಹಲ 2012ರ ಡಿಸೆಂಬರ್ 4ರದ್ದು.

ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆ ಒಡಂಬಡಿಕೆಗೆ ಒಬಾಮಾ ಸರ್ಕಾರ 2009ರಲ್ಲೇ ಸಹಿ ಹಾಕಿತ್ತು. ಅಮೆರಿಕದಲ್ಲಿ ಸಹಿ ಬರೀ ಮೊದಲ ಮೆಟ್ಟಿಲು. ಅಧ್ಯಕ್ಷರು ಅದನ್ನು ಸೆನೆಟ್‌ಗೆ ಕಳಿಸಬೇಕು, ವಿದೇಶಾಂಗ ಸಮಿತಿ ಷರತ್ತುಗಳ ಒಂದು ಠರಾವು ಬರೆಯಬೇಕು, ಆಮೇಲೆ ಸದನದಲ್ಲಿ ಹಾಜರಿದ್ದವರ ಮೂರನೇ ಎರಡು ಮತ ಬೇಕು. ಒಪ್ಪಂದವೇ ನೇರವಾಗಿ ಕಾನೂನಾಗುವುದಿಲ್ಲ, ಕೋರ್ಟಲ್ಲಿ ಅದರ ಮೇಲೆ ದಾವೆ ಹೂಡುವಂತಿಲ್ಲ, ರಾಜ್ಯಗಳ ಅಧಿಕಾರ ಹಾಗೇ ಇರುತ್ತದೆ ಅಂತ ಷರತ್ತುಗಳಲ್ಲಿ ಬರೆದೇ ಇತ್ತು. ಸಮಿತಿಯಲ್ಲಿ 13-6. ಅಮೆರಿಕದ ಸ್ವಂತ ಅಂಗವಿಕಲರ ಕಾಯ್ದೆಗೆ 1990ರಲ್ಲಿ ಸಹಿ ಹಾಕಿದ್ದು ರಿಪಬ್ಲಿಕನ್ ಬುಷ್. ಬಾಬ್ ಡೋಲ್, 1996ರ ರಿಪಬ್ಲಿಕನ್ ಅಧ್ಯಕ್ಷ ಅಭ್ಯರ್ಥಿ, ಯುದ್ಧದಲ್ಲಿ ಬಲಗೈ ಸ್ವಾಧೀನ ಕಳೆದುಕೊಂಡವರು, 89ರ ವಯಸ್ಸಿನಲ್ಲಿ ಗಾಲಿಕುರ್ಚಿಯಲ್ಲಿ ಸದನಕ್ಕೇ ಬಂದರು. ಸೆನೆಟರುಗಳು ಹೋಗಿ ಕೈಕುಲುಕಿದರು. ಮತ ಬಿದ್ದದ್ದು 61-38. ಐದು ಕಡಿಮೆ. ಡೋಲ್ ಅವರ ಕಾನ್ಸಸ್ ರಾಜ್ಯದ ಇಬ್ಬರು ಸೆನೆಟರುಗಳೂ 'ಇಲ್ಲ' ಅಂದರು.

ಕೆಡವಿದ್ದು ಯಾರು? ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳುವ ತಂದೆತಾಯಂದಿರ ಕಾನೂನು ಸಂಘ ಮುಂದಿತ್ತು, ಅದರ ಮುಖ ಮೈಕೆಲ್ ಫ್ಯಾರಿಸ್. ಒಡಂಬಡಿಕೆಯ 7ನೇ ವಿಧಿಯಲ್ಲಿ 'ಮಗುವಿನ ಹಿತವೇ ಮುಖ್ಯ' ಅನ್ನೋ ಮಾತಿದೆ. ಹಿತ ಯಾವುದು ಅಂತ ಹೇಳೋದು ಅಪ್ಪ ಅಮ್ಮನೋ ಜಿನೀವಾದ ಸಮಿತಿಯೋ, ಅಂತ ಅವರು ಕೇಳಿದರು. ಮಾಜಿ ಸೆನೆಟರ್ ರಿಕ್ ಸ್ಯಾಂಟೋರಮ್ ಪತ್ರಿಕಾಗೋಷ್ಠಿ ಮಾಡಿದರು, ಅಂಕಣ ಬರೆದರು. ಇಮೇಲ್‌ನಲ್ಲಿ ಕರೆ ಹೋಯಿತು, ಸೆನೆಟರುಗಳ ಕಚೇರಿಯ ಫೋನು ಬಿಡುವಿಲ್ಲದೆ ರಿಂಗಾಯಿತು. ಅಲ್ಲಿನ ಕಚೇರಿಗಳಲ್ಲಿ ಪರ ಎಷ್ಟು, ವಿರೋಧ ಎಷ್ಟು ಅಂತ ಕರೆಗಳ ಲೆಕ್ಕ ಇಡ್ತಾರೆ. ಮುಂದಿನ ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿ ಆರಿಸುವ ಚುನಾವಣೆ) ತನಗಿಂತ ಕಟ್ಟಾ ಬಲಪಂಥೀಯನೊಬ್ಬ ಎದುರು ನಿಂತಾನು ಅನ್ನೋ ಹೆದರಿಕೆ ಇರುವವನಿಗೆ ಆ ಲೆಕ್ಕ ಸಾಕು.

ಜಿನೀವಾದ ಆ ಸಮಿತಿಯ ಶಿಫಾರಸಿಗೆ ಕಾನೂನಿನ ಬಲವಿಲ್ಲ. ಅಮೆರಿಕದ ಸುಪ್ರೀಂ ಕೋರ್ಟಿನ 2008ರ ಮೆಡೆಲಿನ್ ತೀರ್ಪಿನ ಪ್ರಕಾರ ಇಂಥ ಒಪ್ಪಂದಗಳು ಕಾಂಗ್ರೆಸ್ ಕಾಯ್ದೆ ಮಾಡದೆ ದೇಶದೊಳಗೆ ನಡೆಯೋದೂ ಇಲ್ಲ. ಹಾಗಾಗಿ ಆ ಭಯ ಅತಿಯಾಯಿತು ಅಂತಲೇ ನನ್ನ ಅಭಿಪ್ರಾಯ. ಆದರೆ ಪರವಾಗಿದ್ದವರೂ ಎಡವಿದರು. 'ನಮ್ಮ ಕಾನೂನಲ್ಲಿ ಏನೂ ಬದಲಾಗಲ್ಲ' ಅನ್ನೋದನ್ನೇ ದೊಡ್ಡ ವಾದ ಮಾಡಿಕೊಂಡರು. ಏನೂ ಬದಲಾಗದಿದ್ದರೆ ಯಾಕೆ ಬೇಕು ಅಂದರೆ ಮುಗೀತು. ಮೇಲಾಗಿ ಚುನಾವಣೆ ಮುಗಿದು ಹೊಸಬರು ಬರುವ ಮುಂಚಿನ ಅಧಿವೇಶನದಲ್ಲಿ ತಂದರು. ಆ ಅವಧಿಯಲ್ಲಿ ಯಾವ ಒಪ್ಪಂದವೂ ಬೇಡ ಅಂತ 36 ರಿಪಬ್ಲಿಕನ್ನರು ಮೊದಲೇ ಪತ್ರಕ್ಕೆ ಸಹಿ ಹಾಕಿದ್ದರು. ನೂರರಲ್ಲಿ 34 ಇದ್ದರೆ ಸಾಕು, ಬಾಗಿಲು ಬಂದ್.

ಭಾರತ ಇದೇ ಒಡಂಬಡಿಕೆಯನ್ನು 2007ರ ಅಕ್ಟೋಬರ್ 1ರಂದು ಅನುಮೋದಿಸಿತು. ಸಂಸತ್ತಿನಲ್ಲಿ ಮತ ಇಲ್ಲ, ಸಂಪುಟದ ಕೆಲಸ. ನಮ್ಮ ಸಂವಿಧಾನದ 253ನೇ ವಿಧಿ ನೋಡಿದರೆ ಬ್ರಿಕರ್ ಎದೆ ಒಡೆದುಕೊಳ್ಳುತ್ತಿದ್ದರು: ಒಪ್ಪಂದ ಜಾರಿಗೆ ತರಲು ಸಂಸತ್ತು ರಾಜ್ಯಪಟ್ಟಿಯ ವಿಷಯದಲ್ಲೂ ಕಾಯ್ದೆ ಮಾಡಬಹುದು. ಇಲ್ಲಿ ಆ ಸಿಟ್ಟು ಬಂದದ್ದು ರೈತಸಂಘಕ್ಕೆ. ಜಾಗತಿಕ ವ್ಯಾಪಾರ ಒಪ್ಪಂದದ (ಗ್ಯಾಟ್) ಡಂಕೆಲ್ ಕರಡಿನ ವಿರುದ್ಧ ನಂಜುಂಡಸ್ವಾಮಿಯವರು ಕೇಳಿದ್ದೂ ಅದೇ, ನಮ್ಮ ಬೀಜದ ಬಗ್ಗೆ ಸಹಿ ಹಾಕಲು ಇವರನ್ನು ಕೇಳಿದವರು ಯಾರು ಅಂತ. ಅವರನ್ನು ಯಾರೂ ಬಲಪಂಥೀಯ ಅನ್ನಲಿಲ್ಲ.

ಅಮೆರಿಕದ ಬಲಪಂಥೀಯ ಸೆನೆಟರ್ ಜೆಸ್ಸಿ ಹೆಲ್ಮ್ಸ್ ನೆನಪಾದರು. ಸೆನೆಟ್‌ಗೆ ಬರುವ ಮೊದಲು 1960ರಿಂದ 1972ರವರೆಗೆ ರಾಲಿ ಊರಿನ ಟಿವಿಯಲ್ಲಿ ಸಂಜೆ ವಾರ್ತೆಯ ಜತೆಗೆ ಐದೇ ನಿಮಿಷದ ಟಿಪ್ಪಣಿ ಹೇಳ್ತಿದ್ದ ಮನುಷ್ಯ. ಅಂಥವು ಸುಮಾರು 2,700. ಕರಿಯರ ಹಕ್ಕಿನ ಹೋರಾಟದ ಬಗ್ಗೆ ಅವರು ಆಡಿದ ಮಾತು ಇವತ್ತು ಓದಿದರೂ ಮೈ ಉರಿಯುತ್ತದೆ. ಆದರೆ ಬಲಪಂಥೀಯರ ರಶ್ ಲಿಂಬಾ ರೇಡಿಯೋ, ಫಾಕ್ಸ್ ಚಾನೆಲ್ಲು ಇನ್ನೂ ಹುಟ್ಟದ ಕಾಲದಲ್ಲಿ, ದಿನಾ ಒಂದೇ ಹೊತ್ತಿಗೆ ಒಂದೇ ದನಿ ಮನೆಯೊಳಗೆ ಬಂದರೆ ಅದು ಮತವಾಗುತ್ತದೆ ಅನ್ನೋದನ್ನು ಅವರು ಕಂಡುಕೊಂಡಿದ್ದರು. 2000ದ ಜನವರಿ 20ರಂದು ಇದೇ ಹೆಲ್ಮ್ಸ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಕೂತು, ಅಮೆರಿಕನ್ನರ ಒಪ್ಪಿಗೆ ಇಲ್ಲದೆ ಅವರ ಮೇಲೆ ಅಧಿಕಾರ ಹೇರಿದರೆ ಅಮೆರಿಕ ಎದ್ದುಹೋದೀತು ಅಂತ ಎಚ್ಚರಿಸಿದರು. ಬರೀ ಬಾಯಿಮಾತಲ್ಲ, ಹಿಂದಿನ ವರ್ಷವೇ ಬೈಡನ್ ಜತೆ ಸೇರಿ ಅಮೆರಿಕ ವಿಶ್ವಸಂಸ್ಥೆಗೆ ಕಟ್ಟಬೇಕಿದ್ದ 92.6 ಕೋಟಿ ಡಾಲರ್ ಬಾಕಿಗೆ ಷರತ್ತು ಕಟ್ಟಿದ್ದರು. ವಿಶ್ವಸಂಸ್ಥೆ ಬಜೆಟ್ಟಿನಲ್ಲಿ ಅಮೆರಿಕದ ಪಾಲು 25ರಿಂದ 22 ಶೇಕಡಕ್ಕೆ ಇಳಿಯಿತು. ಹೌದು, ಅದೇ ಬೈಡನ್.

ಚಿಕ್ಕಪ್ಪನ ಪ್ರಶ್ನೆಗೆ ಬರೋಣ. ಅಮೆರಿಕದ ಸಂವಿಧಾನ ಒಪ್ಪಂದದ ಒಳಗೆ ಹೋಗುವ ದಾರಿ ಹೇಳುತ್ತದೆ, ಹೊರಗೆ ಬರುವುದು ಹೇಗೆ ಅಂತ ಒಂದು ಸಾಲೂ ಇಲ್ಲ. ಅಧ್ಯಕ್ಷ ಒಬ್ಬನೇ ಹೊರಬರುವ ಹಾಗಿಲ್ಲ ಅಂತ ಕೋರ್ಟಿಗೆ ಹೋದವರು, ಕೇಳಿದರೆ ನಗು ಬರುತ್ತೆ, ಬಲಪಂಥೀಯರ ಕುಲಗುರು ಬ್ಯಾರಿ ಗೋಲ್ಡ್‌ವಾಟರ್! ತೈವಾನ್ ರಕ್ಷಣಾ ಒಪ್ಪಂದವನ್ನು ಅಧ್ಯಕ್ಷ ಕಾರ್ಟರ್ ರದ್ದು ಮಾಡಿದ್ದಕ್ಕೆ. 1979ರಲ್ಲಿ ಸುಪ್ರೀಂ ಕೋರ್ಟು ಯಾವ ಕಡೆಗೂ ತೀರ್ಪು ಕೊಡದೆ ದಾವೆಯನ್ನೇ ವಜಾ ಮಾಡಿತು. ಅಂದಿನಿಂದ ಆ ಜಾಗ ಖಾಲಿ, ಅಧ್ಯಕ್ಷರು ಅದರಲ್ಲೇ ಓಡಾಡಿಕೊಂಡಿದ್ದಾರೆ.

ಅಮೆರಿಕ-ಯುರೋಪಿನ ಮಿಲಿಟರಿ ಕೂಟವಾದ ನೇಟೋಗೆ ಮಾತ್ರ ಬೇಲಿ ಹಾಕಿದ್ದಾರೆ. 2023ರ ಡಿಸೆಂಬರಿನ ರಕ್ಷಣಾ ಮಸೂದೆಯಲ್ಲಿ, ಸೆನೆಟ್‌ನ ಮೂರನೇ ಎರಡು ಮತ ಅಥವಾ ಕಾಂಗ್ರೆಸ್ಸಿನ ಕಾಯ್ದೆ ಇಲ್ಲದೆ ಅಧ್ಯಕ್ಷ ನೇಟೋ ಬಿಡುವಂತಿಲ್ಲ ಅಂತ ಸೇರಿಸಿದರು. ತಂದವರು ಡೆಮಾಕ್ರಾಟ್ ಟಿಮ್ ಕೇನ್, ಜತೆಗೆ ರಿಪಬ್ಲಿಕನ್ ಮಾರ್ಕೋ ರೂಬಿಯೋ. ಈ ರೂಬಿಯೋ 2012ರಲ್ಲಿ 'ಇಲ್ಲ' ಅಂದ 38 ಜನರಲ್ಲಿ ಒಬ್ಬರು. ನಿನ್ನೆ ವಿದೇಶಾಂಗ ಕಾರ್ಯದರ್ಶಿಯಾಗಿ ಪ್ರಮಾಣ ತಗೊಂಡವರೂ ಅವರೇ. ಇನ್ನು ಮುಂದೆ ಯಾವ ಒಪ್ಪಂದ ಬಿಡುವ ನೋಟಿಸ್ ಹೋದರೂ ಅವರ ಇಲಾಖೆಯಿಂದಲೇ ಹೋಗಬೇಕು. ಆ ಬೇಲಿ ಕೋರ್ಟಿನಲ್ಲಿ ನಿಲ್ಲಬೇಕಾದರೆ ಮೊದಲು ಯಾರಿಗೆ ನಷ್ಟವಾಯಿತು ಅಂತ ತೋರಿಸಬೇಕಲ್ಲ, ಒಬ್ಬ ಸೆನೆಟರಿಗೆ ಆ ಹಕ್ಕು ಇದೆಯೋ, ಇಡೀ ಸೆನೆಟ್ಟೇ ಹೋಗಬೇಕೋ, ಹೋಗಲು ಅಲ್ಲಿ ಬಹುಮತ