ಡಯಾಲಿಸಿಸ್ ಕೋಣೆಯ ಹಿಂದಿನ ಪೈಪು

ನಮ್ಮ ಆಸ್ಪತ್ರೆಯಲ್ಲಿ ಜೂನ್ 5ರ ಪರಿಸರ ದಿನ ತಪ್ಪದೆ ನಡೆಯುತ್ತದೆ. ಗೇಟಿನ ಬಳಿ ಒಂದು ಸಸಿ, ಅದರ ಸುತ್ತ ಕೊಡೆ ಹಿಡಿದು ನಿಂತ ದೊಡ್ಡವರು, ಒಂದು ಫೋಟೋ. ನಮ್ಮ ಕರಾವಳಿಯಲ್ಲಿ ಜೂನ್‌ನಲ್ಲಿ ಗಿಡ ನೆಡುವುದು ಅಂಥ ಸಾಹಸವೇನಲ್ಲ, ಕೋಲು ಊರಿದರೂ ಚಿಗುರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಅದಕ್ಕೆ ನೀರು ಹಾಕುವ ಮಾತನ್ನು ಯಾರಾದರೂ ಎತ್ತಿದರೆ ನಾನೂ ಫೋಟೋಗೆ ನಿಲ್ಲುತ್ತೇನೆ ಎಂದು ಹೇಳಿ ಹೇಳಿ ಈಗ ನನ್ನನ್ನು ಕರೆಯುವುದನ್ನೇ ಬಿಟ್ಟಿದ್ದಾರೆ.

ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಟೆಕ್ನಿಷಿಯನ್, ಅಂದರೆ ಕಿಡ್ನಿ ಸೋತವರ ರಕ್ತವನ್ನು ಯಂತ್ರದಲ್ಲಿ ಸೋಸುವ ಕೆಲಸ. ರೋಗಿಗಳು ಸಿಸ್ಟರ್ ಎಂದೇ ಕರೆಯುತ್ತಾರೆ. ತಿದ್ದಿ ತಿದ್ದಿ ಸಾಕಾಗಿದೆ. ಆಸ್ಪತ್ರೆಯ ಕಸ ಎಂದ ತಕ್ಷಣ ಜನರ ಕಣ್ಣ ಮುಂದೆ ಬರುವುದು ರಕ್ತ ಮೆತ್ತಿದ ಹತ್ತಿ, ಸೂಜಿ, ಹಳದಿ ಚೀಲ. ಈ ವಿಭಾಗದಲ್ಲಿ ಇಷ್ಟು ವರ್ಷ ನಿಂತ ಮೇಲೆ ನನ್ನ ಕಣ್ಣು ಹೋಗುವುದು ಬೇರೆ ಕಡೆಗೆ. ನಾವು ಎಸೆಯುವುದರಲ್ಲಿ ದೊಡ್ಡ ಪಾಲು ರೋಗಿಯ ಮೈ ಮುಟ್ಟಿಯೇ ಇರುವುದಿಲ್ಲ. ಅದರಲ್ಲಿ ಮೊದಲ ಸ್ಥಾನ ನೀರಿನದು.

ಲೆಕ್ಕ ಸರಳ. ಯಂತ್ರದಲ್ಲಿ ಡಯಾಲಿಸಿಸ್ ದ್ರಾವಣ ಸಾಮಾನ್ಯವಾಗಿ ನಿಮಿಷಕ್ಕೆ 500 ಮಿಲಿಲೀಟರ್‌ನಂತೆ ಹರಿಯುತ್ತದೆ. ಗಂಟೆಗೆ 30 ಲೀಟರ್, ನಾಲ್ಕು ಗಂಟೆಗೆ 120 ಲೀಟರ್. ವಾರಕ್ಕೆ ಮೂರು ಸಲ ಬರುವ ಒಬ್ಬ ರೋಗಿಗೆ ವರ್ಷಕ್ಕೆ 156 ಸಲ, ಒಟ್ಟು 18,720 ಲೀಟರ್. ದಿನಕ್ಕೆ ಎರಡು ಲೀಟರ್ ಕುಡಿಯುವ ಮನುಷ್ಯನಿಗೆ ಇದು ಇಪ್ಪತ್ತೈದು ವರ್ಷಕ್ಕೆ ಸಾಕು. ಮೂತ್ರ ನಿಂತುಹೋದ ನಮ್ಮ ರೋಗಿಗಳಿಗೋ, ಗಂಜಿ, ಚಹಾ, ಸಾರು ಎಲ್ಲ ಸೇರಿ ದಿನಕ್ಕೊಂದು ಲೀಟರ್ ದಾಟುವಂತಿಲ್ಲ. ಮೇ ತಿಂಗಳ ಸೆಕೆಗೆ ಐಸ್ ತುಂಡು ಚೀಪುತ್ತಾ ಮಲಗಿರುತ್ತಾರೆ. ಅವರ ತಲೆಯ ಹಿಂದೆಯೇ ನೀರು ಹರಿಯುತ್ತಿರುತ್ತದೆ.

ಆ 120 ಲೀಟರ್ ನಲ್ಲಿಯ ನೀರಲ್ಲ. ನಾವು ಕುಡಿದ ನೀರು ಕರುಳನ್ನು ದಾಟಿ ರಕ್ತಕ್ಕೆ ಹೋಗಬೇಕು. ಇಲ್ಲಿ ನೀರಿಗೂ ರಕ್ತಕ್ಕೂ ನಡುವೆ ಇರುವುದು ಒಂದು ತೆಳು ಪೊರೆ ಮಾತ್ರ. ಪಾಲಿಕೆಯವರು ಕ್ರಿಮಿ ಸಾಯಲೆಂದು ಹಾಕುವ ಕ್ಲೋರಿನ್ ಆ ಪೊರೆ ದಾಟಿದರೆ ಕೆಂಪು ರಕ್ತಕಣಗಳು ಒಡೆದುಹೋಗುತ್ತವೆ. ಹಾಗಾಗಿ ನೀರು ಮೊದಲು ಮರಳಿನ ಫಿಲ್ಟರ್, ಆಮೇಲೆ ಇದ್ದಿಲಿನದು, ಆಮೇಲೆ ಗಡಸುತನ ತೆಗೆಯುವ ಸಾಫ್ಟ್‌ನರ್, ಕೊನೆಗೆ ಆರ್‌ಒ ಪೊರೆ ಹಾದು ಬರಬೇಕು. ಬೆಳಗ್ಗೆ ಮೊದಲ ಪಾಳಿಯ ರೋಗಿಯನ್ನು ಒಳಗೆ ಬಿಡುವ ಮೊದಲು ನಾನು ಕ್ಲೋರಿನ್ ಪರೀಕ್ಷೆ ಮಾಡುತ್ತೇನೆ, ನಂತರ ಗಡಸುತನದ್ದು. ಚಿಕ್ಕ ಸೀಸೆಯಲ್ಲಿ ನೀರು ತೆಗೆದು ಹನಿ ಬಿಟ್ಟು ಅಲ್ಲಾಡಿಸಿದಾಗ ನೀಲಿ ಬಂದರೆ ಸರಿ. ಗುಲಾಬಿ ಬಂದರೆ ಸಾಫ್ಟ್‌ನರಿಗೆ ಉಪ್ಪು ಸಾಲದು ಎಂದರ್ಥ.

ಈ ಆರ್‌ಒ ತನ್ನೊಳಗೆ ಬಂದ ನೀರನ್ನೆಲ್ಲ ಶುದ್ಧ ಮಾಡಿ ಕೊಡುವುದಿಲ್ಲ. ಒಂದು ಪಾಲು ವಾರ್ಡಿಗೆ ಹೋಗುತ್ತದೆ, ಇನ್ನೊಂದು ಪಾಲು ರಿಜೆಕ್ಟ್. ನಮ್ಮಲ್ಲಿರುವಂಥ ಹಳೆಯ ಘಟಕದಲ್ಲಿ ಹೆಚ್ಚುಕಡಿಮೆ ಅರ್ಧಕ್ಕರ್ಧ. ಒಬ್ಬ ರೋಗಿಗೆ 120 ಲೀಟರ್ ಕೊಡಲು 240 ಲೀಟರ್ ಎಳೆದು, 120 ಲೀಟರನ್ನು ಕೋಣೆಯ ಹಿಂದಿನ ಪೈಪಿನಿಂದ ನೇರವಾಗಿ ಚರಂಡಿಗೆ ಬಿಡುತ್ತಿದ್ದೆವು.

2019ರ ಬೇಸಿಗೆ ಮಂಗಳೂರಿನವರಿಗೆ ಮರೆತಿರಲಾರದು. ತುಂಬೆಯ ಅಣೆಕಟ್ಟಿನಲ್ಲಿ ನೇತ್ರಾವತಿ ಇಳಿಯುತ್ತಾ ಹೋಗಿ ಪಾಲಿಕೆ ಪಾಳಿ ಹಾಕಿ ನೀರು ಬಿಟ್ಟಿತು. 2023ರಲ್ಲಿ ಮತ್ತದೇ ಕಥೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಮೇ ತಿಂಗಳಲ್ಲಿ ಡಯಾಲಿಸಿಸ್‌ಗೆ ಟ್ಯಾಂಕರ್ ನೀರು ತರಿಸುವ ಪರಿಸ್ಥಿತಿ. ಟ್ಯಾಂಕರ್ ಮುಂದಿನ ಗೇಟಿನಿಂದ ಬಂದು ಸಂಪ್ ಟ್ಯಾಂಕಿಗೆ ನೀರು ಸುರಿಯುತ್ತಿತ್ತು, ಅದರಲ್ಲಿ ಅರ್ಧ ಹಿಂದಿನಿಂದ ಹೊರಟುಹೋಗುತ್ತಿತ್ತು. ಬಿಲ್ ಪೂರ್ತಿ ಟ್ಯಾಂಕರಿನದು.

ಆ ನೀರನ್ನು ಕಕ್ಕಸಿನ ಫ್ಲಶ್‌ಗೂ ಲಾಂಡ್ರಿಗೂ ತಿರುಗಿಸೋಣ ಎಂದು ನಾನು ಹೇಳಿದಾಗ ದುಡ್ಡಿನ ಮಾತು ಬರಲೇ ಇಲ್ಲ. ಬಂದದ್ದು ಹೇಸಿಗೆ. "ಅದು ಡಯಾಲಿಸಿಸ್ ನೀರಲ್ಲವಾ ಮೇಡಂ? ರಕ್ತದ್ದು?" ಎಂದರು ಮೇಂಟೆನೆನ್ಸಿನವರು. ಸೋಂಕು ನಿಯಂತ್ರಣ ನೋಡುವ ಸಿಸ್ಟರ್ ಮಾತಾಡಲಿಲ್ಲ, ಮುಖ ನೋಡಿದರೇ ಉತ್ತರ ಗೊತ್ತಾಗುತ್ತಿತ್ತು.

ಇಲ್ಲಿ ಎರಡು ನೀರುಗಳಿವೆ. ರೋಗಿಯ ಡಯಲೈಸರ್, ಅಂದರೆ ರಕ್ತ ಸೋಸುವ ಕೊಳವೆ, ಹಾದು ಬಂದು ಯೂರಿಯಾ ಹೊತ್ತುಕೊಂಡು ಹೋಗುವುದು ಒಂದು. ಅದು ಮೂತ್ರಕ್ಕೆ ಸಮ, ಅದರ ಜಾಗ ಒಳಚರಂಡಿಯೇ. ರಿಜೆಕ್ಟ್ ನೀರು ಗೋಡೆಯ ಈಚೆಗೇ ಹುಟ್ಟಿ ಈಚೆಗೇ ಮುಗಿಯುವಂಥದ್ದು. ರೋಗಿ ಮಲಗಿದ ಕೋಣೆಗೆ ಅದು ಬರುವುದೇ ಇಲ್ಲ. ಅರ್ಧ ನೀರು ಶುದ್ಧವಾಗಿ ಆಚೆ ಹೋದಾಗ ಅದರ ಲವಣವೆಲ್ಲ ಉಳಿದರ್ಧದಲ್ಲಿ ಸೇರುತ್ತದೆ, ಹಾಗಾಗಿ ಟಿಡಿಎಸ್, ಅಂದರೆ ಕರಗಿದ ಲವಣದ ಅಳತೆ, ಎರಡು ಪಟ್ಟಾಗುತ್ತದೆ, ಅಷ್ಟೇ. ನೇತ್ರಾವತಿಯದು ಹಗುರ ನೀರು. ಮಳೆಗಾಲದಲ್ಲಿ ನಮ್ಮ ಮೀಟರ್ ನೂರು ತೋರಿಸುವುದೂ ಅಪರೂಪ. ಎರಡು ಪಟ್ಟಾದರೂ ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ 500ರ ಒಳಗೇ ಇರುತ್ತದೆ. ಹಾಗೆಂದು ಕುಡಿಯಿರಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಇದ್ದಿಲು ಕ್ಲೋರಿನ್ ತೆಗೆದುಬಿಟ್ಟಿರುವುದರಿಂದ ನಿಂತರೆ ಅದರಲ್ಲಿ ಕ್ರಿಮಿ ಬೆಳೆಯುತ್ತದೆ. ಅಂದಂದೇ ಖರ್ಚಾಗಬೇಕು.

ನಾನು ಚರ್ಚೆ ಮಾಡಲು ಹೋಗಲಿಲ್ಲ. ಸಿಸ್ಟರನ್ನೂ ಮೇಂಟೆನೆನ್ಸಿನವರನ್ನೂ ಆರ್‌ಒ ಕೋಣೆಯ ಹಿಂದೆ ಕರೆದುಕೊಂಡು ಹೋಗಿ, ಪೈಪನ್ನು ಕೈಯಿಂದ ಮುಟ್ಟುತ್ತಾ ಪಂಪಿನಿಂದ ಚರಂಡಿಯವರೆಗೆ ನಡೆಸಿದೆ. ಮುಂದಿನದೆಲ್ಲ ಪ್ಲಂಬರ್ ಕೆಲಸ. ಒಂದು ಸಿಂಟೆಕ್ಸ್ ಟ್ಯಾಂಕು, ಸ್ವಲ್ಪ ಪೈಪು, ಒಂದು ವಾಲ್ವು.

ಆ ವಾಲ್ವಿನ ವಿಷಯ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು, ಬೇರೆ ಆಸ್ಪತ್ರೆಯವರು ಓದುತ್ತಿದ್ದರೆ ಉಪಯೋಗಕ್ಕೆ ಬಂದೀತು. ಸಾಫ್ಟ್‌ನರನ್ನು ಉಪ್ಪುನೀರಿನಿಂದ ಆಗಾಗ ತೊಳೆಯಬೇಕಾಗುತ್ತದೆ. ಆಗ ಹೊರಬರುವುದು ಹೆಚ್ಚುಕಡಿಮೆ ಪಣಂಬೂರಿನ ಸಮುದ್ರ. ಅದು ಈ ಟ್ಯಾಂಕಿಗೆ ಸೇರಕೂಡದು. ಸೇರಿದರೆ ಲಾಂಡ್ರಿಯ ಯಂತ್ರ ತುಕ್ಕು ಹಿಡಿಯುತ್ತದೆ, ಆಮೇಲೆ ಇಡೀ ಯೋಜನೆಗೇ ಕೆಟ್ಟ ಹೆಸರು. ಅದಕ್ಕೆ ಬೇರೆ ದಾರಿ, ಬೇರೆ ವಾಲ್ವು, ವಾಲ್ವಿಗೆ ಕೆಂಪು ಬಣ್ಣ. ಇನ್ನೊಂದು, ಸಾಫ್ಟ್‌ನರ್ ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಕೊಡುತ್ತದೆ. ಬಟ್ಟೆಗೆ ಅದು ಒಳ್ಳೆಯದು. ನೊರೆ ಚೆನ್ನಾಗಿ ಬರುತ್ತದೆ, ಸೋಪಿನ ಪುಡಿ ಕಡಿಮೆ ಸಾಕು ಎಂದು ಲಾಂಡ್ರಿಯವರೇ ಬಂದು ಹೇಳಿದರು. ಕುಂಡದ ಗಿಡಕ್ಕೆ ದಿನಾ ಹಾಕಿದರೆ ಮಣ್ಣು ಕೆಡುತ್ತದೆ. ಹಾಗಾಗಿ ಪರಿಸರ ದಿನದ ಸಸಿಗೆ ಈ ನೀರು ಕೊಡಲು ನಾನು ಬಿಟ್ಟಿಲ್ಲ. ಅದರ ತಮಾಷೆ ನನಗೂ ಅರ್ಥವಾಗುತ್ತದೆ.

ನೀರು ಬಿಟ್ಟರೆ ಕ್ಯಾನು. ಪಾರ್ಟ್ ಎ ಎಂದು ನಾವು ಕರೆಯುವ ಆಮ್ಲದ ದ್ರಾವಣ ಹತ್ತು ಲೀಟರಿನ ಗಟ್ಟಿ ಪ್ಲಾಸ್ಟಿಕ್ ಕ್ಯಾನಿನಲ್ಲಿ ಬರುತ್ತದೆ. ಎರಡು ಮೂರು ಡಯಾಲಿಸಿಸ್‌ಗೆ ಒಂದು ಖಾಲಿ. ರೋಗಿಯ ರಕ್ತಕ್ಕೂ ಅದಕ್ಕೂ ಸಂಬಂಧವೇ ಇಲ್ಲ, ಆದರೂ ಡಯಾಲಿಸಿಸ್ ಕೋಣೆಯಿಂದ ಹೊರಬಂದದ್ದು ಎಂಬ ಕಾರಣಕ್ಕೆ ಜೈವಿಕ ತ್ಯಾಜ್ಯದ ಜೊತೆ ಕಟ್ಟಿ ಕಳುಹಿಸುವವರಿದ್ದಾರೆ. ನಾವು ಮೂರು ಸಲ ತೊಳೆದು, ಲೇಬಲ್ ಕಿತ್ತು ಗುಜರಿಗೆ ಕೊಡುತ್ತೇವೆ. ಬೇಸಿಗೆಯಲ್ಲಿ ರೋಗಿಗಳ ಮನೆಯವರು ಕೇಳಿ ಪಡೆಯುತ್ತಾರೆ. ನಲ್ಲಿ ಬಂದ ದಿನ ನೀರು ಹಿಡಿದಿಡಲು ಅದಕ್ಕಿಂತ ಗಟ್ಟಿ ಪಾತ್ರೆ ಇಲ್ಲ. ಕುಡಿಯುವ ನೀರಿಗಲ್ಲ ಎಂದು ಮಾರ್ಕರಿನಲ್ಲಿ ದೊಡ್ಡದಾಗಿ ಬರೆದೇ ಕೊಡುತ್ತೇನೆ.

ಚೀಲಗಳ ವಿಷಯದಲ್ಲಿ 2016ರ ನಿಯಮ ಸ್ಪಷ್ಟವಾಗಿಯೇ ಇದೆ. ರಕ್ತ ಹೀರಿದ ಹತ್ತಿ, ಗಾಜ್ ಬಟ್ಟೆ ಹಳದಿಗೆ. ಟ್ಯೂಬು, ಗ್ಲೌಸು ಕೆಂಪಿಗೆ. ಸೂಜಿ ಬಿಳಿ ಡಬ್ಬಿಗೆ. ಗಾಜಿನ ಸೀಸೆ ನೀಲಿಗೆ. 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಚೀಲಕ್ಕೆ ಬಾರ್‌ಕೋಡ್ ಬೇಕು. ಹಳದಿಯದು ಸುಡಲು ಹೋಗುತ್ತದೆ. ಕೆಂಪಿನದು ಹಬೆಯಲ್ಲಿ ಕ್ರಿಮಿಶುದ್ಧವಾಗಿ, ಚೂರಾಗಿ, ಮತ್ತೆ ಪ್ಲಾಸ್ಟಿಕ್ ಆಗುತ್ತದೆ. ತೊಂದರೆ ಹೆದರಿಕೆಯದು. ಕೋವಿಡ್ ಕಾಲದಲ್ಲಿ ಅನುಮಾನ ಬಂದದ್ದನ್ನೆಲ್ಲ ಹಳದಿಗೆ ತುಂಬಿದ ಕೈ ಇನ್ನೂ ಅತ್ತಲೇ ಹೋಗುತ್ತದೆ. ನಮ್ಮ ರಕ್ತದ ಟ್ಯೂಬುಗಳು ಪಿವಿಸಿ. ಅದನ್ನು ಸುಟ್ಟರೆ ಡಯಾಕ್ಸಿನ್ ಹುಟ್ಟುತ್ತದೆ. ಹೆದರಿ ಹಳದಿಗೆ ಹಾಕಿದವರು ತಮ್ಮ ಪಾಲಿನ ವಿಷವನ್ನು ಚಿಮಣಿಯ ಪಕ್ಕದ ಮನೆಯವರಿಗೆ ಕಳುಹಿಸಿದಂತೆ. ಇನ್ನು ಪ್ಯಾಕೆಟ್ಟಿನ ರಟ್ಟು, ಸಲೈನಿನ ಹೊರಕವರ್ ಇವೆಲ್ಲ ಬರೀ ಒಣ ಕಸ. ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುವಂತೆ ಆಸ್ಪತ್ರೆಯ ತ್ಯಾಜ್ಯದಲ್ಲಿ ಸುಮಾರು ಶೇಕಡಾ 85ರಷ್ಟು ಅಪಾಯವಿಲ್ಲದ ಸಾಮಾನ್ಯ ಕಸ.

ಒಣ ಕಸವಾದರೂ ಎಲ್ಲಿಗೆ ಹೋಗುತ್ತದೆ ಎಂದು ನಮ್ಮ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೀರಿಲ್ಲದ ಆ 2019ರ ಆಗಸ್ಟ್‌ನಲ್ಲೇ ಪಚ್ಚನಾಡಿಯ ಕಸದ ಗುಡ್ಡ ಮಳೆಗೆ ಜಾರಿ ಮಂದಾರದ ತೋಟಗಳ ಮೇಲೆ ಹರಿಯಿತು. ಅಡಿಕೆ ಮರಗಳ ನಡುವೆ ನಿಂತಿದ್ದ ಆ ರಾಶಿಯ ಫೋಟೋ ನೋಡಿದವರು ಬಿಸಾಡುವ ಮೊದಲು ಒಂದು ಕ್ಷಣವಾದರೂ ತಡೆಯುತ್ತಾರೆ ಎಂದುಕೊಂಡಿದ್ದೆ. ಮಂದಾರದವರು ತಡೆಯುತ್ತಿರಬಹುದು.

ಡಯಲೈಸರ್ ಮರುಬಳಕೆಯ ಬಗ್ಗೆ ನನ್ನನ್ನು ಕೇಳುವವರಿದ್ದಾರೆ, ಅದೂ ಪರಿಸರಕ್ಕೆ ಒಳ್ಳೆಯದಲ್ಲವೇ ಎಂದು. ಒಬ್ಬ ರೋಗಿಯ ಡಯಲೈಸರನ್ನು ತೊಳೆದು, ಅದರ ಒಳಗಾತ್ರ ಮೊದಲಿನ ಶೇಕಡಾ 80ಕ್ಕಿಂತ ಕೆಳಗಿಳಿದಿಲ್ಲ ಎಂದು ಅಳೆದು, ಕ್ರಿಮಿ ಕೊಲ್ಲುವ ಪೆರಾಸಿಟಿಕ್ ಆಮ್ಲ ತುಂಬಿ, ಹೆಸರು ಬರೆದು ಇಟ್ಟರೆ ಅದೇ ರೋಗಿಗೆ ಮತ್ತೆ ಬರುತ್ತದೆ. ಪ್ಲಾಸ್ಟಿಕ್ ಉಳಿಯುವುದು ನಿಜ. ತೊಳೆಯಲು ಮತ್ತೆ ಅದೇ ಆರ್‌ಒ ನೀರು ಬೇಕು, ಆಮ್ಲದ ಘಾಟಿಗೆ ನಮ್ಮ ಕಣ್ಣು ಉರಿಯುತ್ತದೆ. ನಮ್ಮಲ್ಲಿ ಇದನ್ನು ಮಾಡುವುದು ರೋಗಿಯ ಜೇಬು ನೋಡಿ. ಬಡವನ ಅನಿವಾರ್ಯಕ್ಕೆ ಹಸಿರು ಬಣ್ಣ ಬಳಿಯುವುದು ನನಗೆ ಸರಿಬರುವುದಿಲ್ಲ. ಮೊದಲು ಮುಟ್ಟದೇ ಎಸೆಯುವುದನ್ನು ನಿಲ್ಲಿಸೋಣ, ಮುಟ್ಟಿದ್ದರ ಮಾತು ಆಮೇಲೆ.

ಈಗ ನಾನು ಹಿಂದೆ ಬಿದ್ದಿರುವುದು ಕಾಯುವ ಯಂತ್ರಗಳ ಹಿಂದೆ. ಯಂತ್ರ ಸಿದ್ಧವಾಗಿ ದ್ರಾವಣ ಹರಿಯತೊಡಗಿದ ಮೇಲೆ ರೋಗಿ ಅರ್ಧ ಗಂಟೆ ತಡವಾದರೆ 15 ಲೀಟರ್ ಸುಮ್ಮನೆ ಹೋಯಿತು, ಅದರ ಬೆನ್ನಿಗೆ ರಿಜೆಕ್ಟ್ ಇನ್ನೊಂದು 15. ಹರಿವನ್ನು ತಗ್ಗಿಸಿಡುವ ಗುಂಡಿ ಹೊಸ ಯಂತ್ರಗಳಲ್ಲಿದೆ. ಹುಡುಗರಿಗೆ ಅದನ್ನು ಒತ್ತುವ ನೆನಪಿಲ್ಲ. ನಾನು ಬೈದ ದಿನ ಒತ್ತುತ್ತಾರೆ. ಆದ್ದರಿಂದ ರೋಗಿಗಳನ್ನೇ ಹಿಡಿದೆ. ಕಾಸರಗೋಡು ಕಡೆಯಿಂದ ಬರುವವರು ತೊಕ್ಕೊಟ್ಟು ದಾಟಿದ ಮೇಲೆ ಒಂದು ಫೋನ್ ಮಾಡಬೇಕು, ಆಗ ನಾವು ಯಂತ್ರ ಶುರು ಮಾಡುತ್ತೇವೆ ಎಂದು ಒಪ್ಪಂದ. ಮಂಜೇಶ್ವರದ ಒಬ್ಬರು, ನಿವೃತ್ತ ಮಾಸ್ತರರು, ಇದನ್ನು ಅತಿ ಶ್ರದ್ಧೆಯಿಂದ ಪಾಲಿಸುತ್ತಿದ್ದಾರೆ. ತಲಪಾಡಿಯಲ್ಲಿ ಒಂದು ಫೋನ್, ತೊಕ್ಕೊಟ್ಟಿನಲ್ಲಿ ಒಂದು, ಪಂಪ್‌ವೆಲ್‌ನಲ್ಲಿ ಮತ್ತೊಂದು. "ಇಲ್ಲಿ ಬ್ಲಾಕ್ ಉಂಟು ಸಿಸ್ಟರ್, ನೀರು ಈಗಲೇ ಬಿಡಬೇಡಿ."